ಹದಿನಾರು ಗಂಟಲು, ಒಂದೇ ಕಿವಿ

ಇವತ್ತು ಮಾಡಿದ ಕೆಲಸಗಳು: ಜೋಳ ಹಸನು ಮಾಡಿ ಗಿರಣಿಗೆ ಕೊಟ್ಟೆ. ನಳಕ್ಕೆ ನೀರು ಬಂದಾಗ ಎರಡು ಬ್ಯಾರಲ್ ತುಂಬಿದೆ. ಬೆಲ್ಲದ ಡಬ್ಬಿಗೆ ಹತ್ತಿದ ಇರುವೆಗಳನ್ನು ಬಿಸಿಲಿಗೆ ಇಟ್ಟು ಓಡಿಸಿದೆ. ನಮ್ಮನೆಯವರ ಎರಡು ಅಂಗಿಗೆ ಗುಂಡಿ ಹಚ್ಚಿದೆ, ಮೂರನೆಯದಕ್ಕೆ ಹೊಂದುವ ಗುಂಡಿ ಸಿಗಲಿಲ್ಲ. ಪಕ್ಕದ ಮನೆಯ ಮಾವಶಿ ಹೆಪ್ಪಿಗೆ ಮೊಸರು ಕೇಳಲು ಬಂದು ಮುಕ್ಕಾಲು ತಾಸು ಕೂತರು, ಎದ್ದು ಹೋಗುವಾಗ ಮೊಸರೇ ಮರೆತರು, ಕೊಟ್ಟು ಬಂದೆ. ಶೇಂಗಾ ಹುರಿಯುತ್ತಿದ್ದಾಗ ಫೋನು ಬಂತು.

"ಅಕ್ಕಾರ, ನಾ ಕರೋಶಿ ರೇಣುಕಾರಿ. ನೀವು ಬಿಟ್ಟ ಜಾಗಾಕ್ಕ ನನ್ನ ತಗೊಂಡಾರ್ರಿ. ನಾಳೆ ಹಾಜರ್ ಆಗಬೇಕು. ಅಲ್ಲಿ ಕೆಲಸ ಏನಿರತೈತ್ರಿ?"

"ಹಾಡೋರಿಗೆ ಬಿಸಿನೀರು ಕೊಡೂದು."

"ಅಷ್ಟರಿ?"

"ಅಷ್ಟ ನೋಡವಾ."

ಫೋನು ಇಟ್ಟ ಮೇಲೆ ಶೇಂಗಾ ಸೀದಿದ್ದು ಗೊತ್ತಾಯಿತು. ಸುಳ್ಳು ಹೇಳಿದ್ದೂ ಗೊತ್ತಾಯಿತು. ಸೀದ ಶೇಂಗಾಕ್ಕೆ ಉಪಾಯವಿಲ್ಲ. ಸುಳ್ಳಿಗೆ ಇದೆ ಅಂತ ಮಧ್ಯಾಹ್ನ ನೋಟ್‌ಬುಕ್ ತೆಗೆದುಕೊಂಡು ಕೂತಿದ್ದೇನೆ. ರೇಣುಕಾ, ಇದನ್ನು ಓದಿಕೊಂಡು ಹೋಗು.

ಕಾಗದದ ಮೇಲೆ ನನ್ನ ಹುದ್ದೆಯ ಹೆಸರು ‘ವಾದ್ಯ ಸಹಾಯಕಿ’. ನಿನ್ನದೂ ಅದೇ ಇರುತ್ತದೆ. ಹೋದ ಕೂಡಲೇ ವಾದ್ಯ ಎಲ್ಲಿ ಅಂತ ಹುಡುಕಬೇಡ. ಚಿಕ್ಕೋಡಿಯಲ್ಲಿರುವ ವಿಶ್ವವಿದ್ಯಾಲಯದ ನಮ್ಮ ಸಣ್ಣ ಕೇಂದ್ರದ ಕ್ವಾಯರಿಗೆ ವಾದ್ಯವೇ ಇಲ್ಲ. ಹದಿನಾರು ಮಂದಿ ವಿದ್ಯಾರ್ಥಿಗಳು ನಾಲ್ಕು ದನಿಯಾಗಿ ಹಂಚಿಕೊಂಡು, ಯುರೋಪಿನ ನಾಲ್ಕುನೂರು ವರ್ಷ ಹಳೆಯ ಹಾಡುಗಳನ್ನು ಬರೀ ಗಂಟಲಿನಿಂದ ಹಾಡುತ್ತಾರೆ. ಹಾರ್ಮೋನಿಯಂ ಇಲ್ಲ, ತಬಲಾ ಇಲ್ಲ, ಮೈಕೂ ಇಲ್ಲ. ಆ ಹದಿನಾರು ಗಂಟಲುಗಳೇ ನನ್ನ ವಾದ್ಯ. ಅವುಗಳಿಗೆ ಧೂಳು ಹತ್ತದಂತೆ, ಮಳೆಗೆ ನೆನೆಯದಂತೆ, ಐಸ್‌ಕ್ಯಾಂಡಿ ತಿನ್ನದಂತೆ ಕಾಯುವುದು ನನ್ನ ಕೆಲಸ. ಐಸ್‌ಕ್ಯಾಂಡಿಯ ವಿಷಯದಲ್ಲಿ ನಾನು ಒಂದು ದಿನವೂ ಗೆದ್ದವಳಲ್ಲ.

ಕೇಂದ್ರಕ್ಕೆ ಹೊಸದಾಗಿ ಬಂದ ನಿರ್ದೇಶಕರು ಒಮ್ಮೆ ತಾಲೀಮು ನೋಡಲು ಬಂದರು. ಹುಡುಗರು ಅರ್ಧವರ್ತುಲ ಮಾಡಿ, ಉಸಿರು ಹಿಡಿದು ಸುಮ್ಮನೆ ನಿಂತಿದ್ದರು. ಅವರು ನನ್ನ ಕಿವಿಯ ಹತ್ತಿರ ಬಂದು ಕೇಳಿದರು.

"ಶೋಭಾ ಬಾಯಾರ, ತಬಲಾ ಎಲ್ಲಿ?"

"ಇಲ್ರಿ ಸರ್."

"ಪೇಟಿ?"

"ಹಾರ್ಮೋನಿಯಮ್ಮೂ ಇಲ್ರಿ."

"ಹಂಗಾರ ಇವರು ಯಾವುದಕ್ಕ ಕಾಯಾಕತ್ತಾರ?"

ಅವರು ಕಾಯುತ್ತಿದ್ದದ್ದು ಹಾಡಿಸುವ ವಿಲಾಸ ಸರ್ ಅವರ ಕೈಸನ್ನೆಗೆ. ಸರ್ ನಿಪ್ಪಾಣಿಯವರು. ಪುಣೆಯಲ್ಲಿ ಈ ಸಂಗೀತ ಕಲಿತು, ಅಲ್ಲಿಯೇ ಇರಬಹುದಾಗಿದ್ದವರು ಇಲ್ಲಿಗೆ ಬಂದು ಕಬ್ಬಿನ ಸೀಮೆಯಲ್ಲಿ ಹಾಡುವ ಗಂಟಲು ಹುಡುಕುತ್ತಿದ್ದರು. ಕಾಯಂ ನೌಕರಿಯಲ್ಲ; ವರ್ಷಕ್ಕೊಮ್ಮೆ ಕರಾರು. ಜೂನ್ ತಿಂಗಳಲ್ಲಿ ಪತ್ರ ಬಂದರೆ ಸರ್ ಇದ್ದಾರೆ, ಬರದಿದ್ದರೆ ಇಲ್ಲ. ಅವರಿಲ್ಲದೆ ಕ್ವಾಯರೂ ಇಲ್ಲ, ಏಕೆಂದರೆ ಈ ಸುತ್ತಿನ ಐದು ತಾಲೂಕಿನಲ್ಲಿ ಆ ಹಾಡುಗಳ ಸ್ವರ ಬರೆದ ಹಾಳೆ ಓದಲು ಬರುವವರು ಅವರೊಬ್ಬರೇ.

ಗಂಟಲು ಆರಿಸುವ ದಿನ ನೆನಪಾದರೆ ಈಗಲೂ ನಗು ಬರುತ್ತದೆ. ಕಬ್ಬೂರಿನ ಮಾರುತಿ ಬಂದ. ಕಬ್ಬಿನ ಗಾಡಿಯ ಎತ್ತುಗಳನ್ನು ಕೂಗಿ ಕೂಗಿ ಬಲಿತ ದನಿ. ಎರಡು ಸಾಲು ಹಾಡಿಸಿ ಸರ್ ಹೇಳಿದರು:

"ನೀನು ಬೇಸ್."

ಮಾರುತಿ ಕೈ ಮುಗಿದ. "ಥ್ಯಾಂಕ್ಯೂರಿ ಸರ್."

ಅವನ ಹಿಂದೆ ರಾಯಬಾಗದ ಸುಜಾತಾ. ತಾಯಿ ತಂದೆ ಹೊಲದ ಕೂಲಿಗೆ ಹೋಗುವವರು. ಈಕೆ ಬುದ್ಧ ವಂದನೆಯ ಸಾಲುಗಳನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಶ್ರುತಿಯಲ್ಲಿ ಹೇಳಿ ಸರ್‌ರನ್ನು ಕುರ್ಚಿಯಿಂದ ಎಬ್ಬಿಸಿದಳು.

"ಭಾಳ ಛಲೋ. ನೀನು ಆಲ್ಟೊ."

ಸುಜಾತಾಳ ಮುಖ ಸಣ್ಣದಾಯಿತು. "ಯಾಕ್ರಿ ಸರ್? ಅವನಿಗೆ ಬೇಸ್ ಅಂತೀರಿ, ನನಗ ಸಣ್ಣ ಕಾರಿನ ಹೆಸರ ಇಡತೀರಿ?"

ನಮ್ಮ ಕಡೆ ಬೇಸ್ ಅಂದರೆ ಚೆನ್ನಾಗಿದೆ ಅಂತ. ಗಂಡಸರ ಕೆಳಗಿನ ದಪ್ಪ ದನಿಗೆ ಇಂಗ್ಲಿಷಿನಲ್ಲಿ ಅದೇ ಹೆಸರು, ಹೆಂಗಸರ ಕೆಳದನಿಗೆ ಆಲ್ಟೊ ಅಂತ ಸರ್ ಒಂದು ವಾರ ತಿಳಿಸಿ ಹೇಳಿದರೂ, ನಾಲ್ಕೂ ಬೇಸ್ ಹುಡುಗರು ಆ ವರ್ಷ ಪೂರ್ತಿ ಎದೆ ಮುಂದೆ ಮಾಡಿಕೊಂಡೇ ಓಡಾಡಿದರು. "ನಾವು ಬೇಸ್ ಇದ್ದವರು" ಅಂತ ಕ್ಯಾಂಟೀನಿನಲ್ಲಿ ಮೊದಲು ಚಹಾ ತೆಗೆದುಕೊಳ್ಳುವರು.

ಇನ್ನು ನನ್ನ ದೊಡ್ಡ ತಪ್ಪು. ಅದನ್ನು ಬೇರೆಯವರ ಬಾಯಿಂದ ಕೇಳುವ ಮೊದಲು ನನ್ನ ಕೈಯಿಂದಲೇ ಓದು.

ನಿಪ್ಪಾಣಿಯಲ್ಲಿ ಕಾರ್ಯಕ್ರಮವಿತ್ತು. ಸಭಾಂಗಣ ಗೊತ್ತುಮಾಡುವುದು ನನ್ನ ಕೆಲಸ. ದಪ್ಪ ಗೋಡೆ, ಎತ್ತರದ ಮಾಳಿಗೆ, ದನಿ ಗುಂಯ್ ಅನ್ನುವ ಹಳೆಯ ಹಾಲ್ ಒಂದು ಸಿಕ್ಕಿತು. ತಂಪಾಗಿತ್ತು. ಬೀಗದ ಕೈ ತೆಗೆದುಕೊಂಡು ಹೆಮ್ಮೆಯಿಂದ ಬಂದೆ. ಪಕ್ಕದ ಗೋಡೆಯ ಆಚೆ ತಂಬಾಕಿನ ಗೋದಾಮು ಇದೆ, ಅದು ತಂಬಾಕು ಜಾಡಿಸುವ ಹಂಗಾಮು ಅನ್ನುವುದನ್ನು ನಿಪ್ಪಾಣಿಯ ಕೂಸೂ ಹೇಳುತ್ತಿತ್ತು. ನಾನು ಯಾರನ್ನೂ ಕೇಳಲಿಲ್ಲ, ಆ ಊರಿನವರೇ ಆದ ಸರ್‌ರನ್ನೂ.

ಮೊದಲ ಹಾಡು ಹೇಗೋ ದಾಟಿತು. ಎರಡನೆಯದರಲ್ಲಿ ಎಲ್ಲರೂ ಒಂದು ಮಾತ್ರೆ ಸುಮ್ಮನಾಗುವ ಜಾಗವಿದೆ. ಆ ಮೌನದಲ್ಲಿ ಎಡಗಡೆಯ ಒಬ್ಬ ಹುಡುಗಿ ಸೀನಿದಳು. ಅವಳ ಪಕ್ಕದವಳು ಸೀನಿದಳು. ಊರಿನ ಜನ ತಂಬಾಕಿನ ಘಾಟಿಗೆ ರೂಢಿಯಾದವರು, ನಿಶ್ಚಿಂತೆಯಿಂದ ಕೂತಿದ್ದರು. ಆಮೇಲೆ ಬಲತುದಿಯಲ್ಲಿ ನಿಂತಿದ್ದ ಮಾರುತಿ ಸೀನಿದ. ಅದು ಸೀನಲ್ಲ, ಕಲ್ಲಿನ ಕ್ವಾರಿಯ ಮದ್ದು. ಮುಂದಿನ ಸಾಲಿನ ಮುದುಕಿ "ಯವ್ವಾ" ಅಂತ ಎದೆ ಹಿಡಿದುಕೊಂಡರು. ಮಾಳಿಗೆಯ ಪಾರಿವಾಳಗಳು ಹೊರಗೆ ಹಾರಿದವು. ಬೆಚ್ಚದವರು ಇಡೀ ಹಾಲಿನಲ್ಲಿ ವಿಲಾಸ ಸರ್ ಒಬ್ಬರೇ.

ಮುಗಿದ ಮೇಲೆ ಬೈಗುಳಕ್ಕೆ ತಲೆ ಒಡ್ಡಿ ನಿಂತೆವು. ಸರ್ ಹೇಳಿದರು:

"ಎಡಗಡೆಯವರು ಭಾಳ ಸೀನಿದ್ರಿ. ಬೇಸ್‌ನವರನ್ನ ನೋಡಿ ಕಲೀರಿ. ಒಬ್ಬರರೆ ಸೀನಿದ್ರೇನು? ಶಾಬ್ಬಾಸ್ ಮಾರುತಿ."

ಮಾರುತಿ ಮೂಗು ಒರೆಸಿಕೊಳ್ಳುತ್ತ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ.

ವಾಪಸು ಬರುವ ಬಸ್ಸಿನಲ್ಲಿ ಸರ್‌ರ ಬಲಕ್ಕೆ ಕೂತೆ. ಅವರು ಕಬ್ಬಿನ ಗದ್ದೆ ನೋಡುತ್ತಿದ್ದರು. ಮೆಲ್ಲಗೆ ಹೇಳಿದೆ, "ಸರ್, ಬಸ್ಸಿಗೆ ಬೆಂಕಿ ಹತ್ತೇತ್ರಿ." ಕಬ್ಬು ನೋಡುತ್ತಲೇ ಇದ್ದರು. ಮುಂದಿನ ಸ್ಟ್ಯಾಂಡಿನಲ್ಲಿ ಅವರ ಎಡಗಡೆಯವರು ಇಳಿದಾಗ ಎದ್ದು ಹೋಗಿ ಎಡಕ್ಕೆ ಕೂತು ಅದನ್ನೇ ಅಷ್ಟೇ ಮೆಲ್ಲಗೆ ಹೇಳಿದೆ. "ಎಲ್ಲಿ?" ಅಂತ ಗಾಬರಿಯಿಂದ ಎದ್ದವರು ನನ್ನ ಮುಖ ನೋಡಿ ಮತ್ತೆ ಕೂತರು.

"ಎರಡು ವರ್ಷ ಆತು ಶೋಭಕ್ಕ," ಅಂದರು. "ಬಲಗಿವಿ ಪೂರಾ ಹೋಗೇತಿ. ಎಡಗಿವಿ ಬೇಸ್ ಐತಿ."

"ಮಷಿನ್ ಹಾಕ್ಕೋರಿ ಸರ್."

"ಕಿವ್ಯಾಗ ಮಷಿನ್ ಇದ್ದ ಹಾಡಿನ ಮಾಸ್ತರಗ ಯಾರು ಕರಾರು ಬರಕೊಡ್ತಾರ? ಕುಂಟ ಓಟ ಕಲಸಾಕ ಬಂದ ಅಂತಾರ. ನೀವು ಯಾರಿಗೂ ಹೇಳಬ್ಯಾಡ್ರಿ."

ಹೇಳುವುದಿಲ್ಲ ಅಂದೆ. ರೇಣುಕಾ, ಬಿಸಿನೀರು ಕೊಡುವ ಕೆಲಸ ಅಲ್ಲಿಗೆ ಮುಗಿಯಿತು. ಅಲ್ಲಿಂದ ಮುಂದೆ ನಾನು ಒಬ್ಬ ಮನುಷ್ಯನ ಬಲಗಿವಿಯಾಗಿ ನೌಕರಿ ಮಾಡಿದೆ.

ಮೊದಲು ಮಾಡಿದ್ದು ಹುಡುಗರ ಜಾಗ ಬದಲಿಸಿದ್ದು. ಬೇಸ್‌ನವರನ್ನು ಬಲದಿಂದ ಎತ್ತಿ ನಡುವೆ ತಂದೆ, ಆಲ್ಟೊದವರನ್ನು ಬಲಕ್ಕೆ ಕಳಿಸಿದೆ. ಸುಜಾತಾ ಅಲ್ಲಿದ್ದರೆ ಆ ಬದಿಯನ್ನು ಯಾರೂ ಕೇಳಬೇಕಾಗಿರಲಿಲ್ಲ. ಅವಳ ಶ್ರುತಿ ಗೋಡೆಗೆ ಹೊಡೆದ ಮೊಳೆ. ಯಾಕೆ ಬದಲಿಸಿದಿರಿ ಅಂತ ಹುಡುಗರು ಕೇಳಿದರೆ, "ಫ್ಯಾನಿನ ಗಾಳಿ ನೆಟ್ಟಗ ಗಂಟಲಿಗೆ ಬಡಿತೈತಿ" ಅಂದೆ. ಆ ಕೋಣೆಯ ಫ್ಯಾನು ಕೆಟ್ಟು ಆರು ತಿಂಗಳಾಗಿತ್ತು. ಯಾರೂ ತಲೆಯೆತ್ತಿ ನೋಡಲಿಲ್ಲ.

ಒಂದು ತಿಂಗಳಾಗಿರಬೇಕು. ಸುಜಾತಾ ಒಬ್ಬಳೇ ಸ್ಟೋರ್ ರೂಮಿಗೆ ಬಂದಳು.

"ಅಕ್ಕಾರ, ಒಂದು ಮಾತು. ಯಾರ ಮುಂದೂ ಅನಬ್ಯಾಡ್ರಿ. ಸರ್‌ಗೆ ಒಂದು ಕಿವಿ ಕೇಳಸೂದಿಲ್ಲ ಅನಸ್ತೈತಿ."

"ನಿನಗೊಬ್ಬಾಕಿಗೇ ಗೊತ್ತೈತಿ," ಅಂದೆ. "ಯಾರಿಗೂ ಹೇಳಬ್ಯಾಡ."

ಮರುದಿನ ಒಬ್ಬ ಟೆನರ್, ಅಂದರೆ ಗಂಡಸರ ಮೇಲ್ದನಿಯ, ಹುಡುಗ ಬಂದ. ಅವನಿಗೂ ಅದನ್ನೇ ಹೇಳಿದೆ. ಆ ವಾರ ಮೂವರು ಬಂದರು. ಮಾರುತಿಯಂತೂ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು, ಬಾಗಿಲು ಹಾಕಿ, "ಅಕ್ಕಾರ, ಜೀವ ಹೋದರೂ ಬಾಯಿ ಬಿಡೂದಿಲ್ಲ" ಅಂತ ಪ್ರಮಾಣ ಮಾಡಿದ. ಪ್ರಮಾಣದ ದನಿ ಬಸ್ ಸ್ಟ್ಯಾಂಡಿನವರೆಗೆ ಕೇಳಿಸಿರಬೇಕು. ದೀಪಾವಳಿ ಹೊತ್ತಿಗೆ ಹದಿನಾರೂ ಮಂದಿ ಬಂದು ಹೋಗಿದ್ದರು, ಹದಿನಾರು ಮಂದಿಗೂ "ನಿನಗೊಬ್ಬಗೇ ಗೊತ್ತೈತಿ" ಅಂದಿದ್ದೆ. ಎಲ್ಲರೂ ಗುಟ್ಟನ್ನು ಒಬ್ಬರಿಂದೊಬ್ಬರಿಗೆ ಮುಚ್ಚಿಟ್ಟುಕೊಂಡು ಮುಂದೆ ನಿಂತು ಹಾಡುವಾಗ ಸರ್‌ರ ಮೇಲೆ ಅವರಿಗಿದ್ದ ಮಮತೆ ನೋಡಬೇಕಿತ್ತು. ತಪ್ಪಿದರೆ ಮೊದಲು ಹೆದರುತ್ತಿದ್ದವರು ಈಗ ತಾವೇ ಕೈ ಎತ್ತಿ, "ಸರ್, ನಾ ತಪ್ಪಿದ್ನಿರಿ" ಅನ್ನತೊಡಗಿದರು. ತಪ್ಪು ಹಿಡಿಯುವವರಿಗೆ ಕಿವಿ ಇಲ್ಲವೆಂದರೆ ತಪ್ಪಿದವನೇ ಹೇಳಬೇಕಲ್ಲ.

ಕೆಲಸದ ರೀತಿಯೂ ಬದಲಾಯಿತು. ನಾನು ಸೇರಿದಾಗ ಹಾಳೆಗಳನ್ನು ಝೆರಾಕ್ಸ್ ಮಾಡಿಸಿ, ಲ್ಯಾಟಿನ್ ಮಾತುಗಳನ್ನು ಕೆಂಪು ಶಾಯಿಯಲ್ಲಿ ಕನ್ನಡ ಅಕ್ಷರದಲ್ಲಿ ಬರೆದು ಹಂಚುತ್ತಿದ್ದೆ. ಆಮೇಲೆ ಎಲ್ಲರ ಕೈಗೂ ಫೋನು ಬಂತು. ನಾಲ್ಕು ದನಿಯನ್ನೂ ಸರ್ ಬೇರೆಬೇರೆ ಹಾಡಿ ಗ್ರೂಪಿಗೆ ಕಳಿಸುವರು, ಹುಡುಗರು ಹೊಲದಲ್ಲಿ ನೀರು ಹಾಯಿಸುತ್ತ ಕೇಳಿಕೊಂಡು ಬರುವರು. ಆದರೆ ನಿಜವಾದ ಬದಲಾವಣೆ ಫೋನಿನಿಂದ ಆದದ್ದಲ್ಲ. ಮೊದಲು ಸರ್ ಕಣ್ಣು ಮುಚ್ಚಿ ಕೇಳುತ್ತ ಕೈ ಆಡಿಸುವರು, ಹುಡುಗರು ಹಾಳೆ ನೋಡುತ್ತ ಹಾಡುವರು. ಈಗ ಸರ್ ಕಣ್ಣು ತೆರೆದರು. ಯಾರ ಎದೆ ಯಾವಾಗ ಏರಿತು, ಯಾರ ತುಟಿ ಮೊದಲು ಬಿಚ್ಚಿತು, ಯಾರ ಕುತ್ತಿಗೆಯ ನರ ಬಿಗಿಯಿತು, ಎಲ್ಲ ನೋಡುವರು. "ಹಾಳಿ ಕೆಳಗ ಇಡ್ರಿ. ಮಗ್ಗಲಿನವರ ಉಸಿರು ನೋಡ್ರಿ. ಉಸಿರು ಕೂಡಿದ್ರ ದನಿ ತಾನ ಕೂಡತೈತಿ," ಅನ್ನುವರು. ಹುಡುಗರಿಗೆ ಹಾಳೆ ಪೂರ್ತಿ ಬಾಯಿಪಾಠವಾಯಿತು. ಒಬ್ಬರನ್ನೊಬ್ಬರು ನೋಡುತ್ತ ಹಾಡಲು ಕಲಿತರು. ಅದರಿಂದ ಎರಡು ಮದುವೆಯೂ ಆದವು. ಅದು ಬೇರೆ ಮಾತು.

ಜನರ ವಿಷಯ ಹೇಳದಿದ್ದರೆ ನಿನಗೆ ಕಷ್ಟವಾಗುತ್ತದೆ. ನಮ್ಮ ಜನ ಹಾಡನ್ನು ಸುಮ್ಮನೆ ಕೂತು ಕೇಳುವವರಲ್ಲ.

ರಾಯಬಾಗದಲ್ಲಿ ಒಂದು ಮಂಗಲ ಕಾರ್ಯಾಲಯದಲ್ಲಿ ಹಾಡಿದೆವು. ‘ಹಲ್ಲೆಲುಯಾ’ ಅನ್ನುವ ಒಂದೇ ಮಾತನ್ನು ನಾಲ್ಕೂ ದನಿಯವರು ಹಿಂದೆಮುಂದೆ ಮಾಡಿ ಹತ್ತು ನಿಮಿಷ ಹಾಡುವ ಹಾಡು. ಮುಂದಿನ ಸಾಲಿನಲ್ಲಿ ಬೊಚ್ಚು ಬಾಯಿಯ ಅಜ್ಜ ಒಬ್ಬರು ಕೂತಿದ್ದರು. ಮುಗಿದ ಕೂಡಲೇ ಎದ್ದು ಬಂದು ಮಾರುತಿಯ ಮುಂದೆ ನಿಂತರು.

"ಏನ್ಲೇ ತಮ್ಮಾ, ಇಷ್ಟು ಮಂದಿ ಕೂಡಿ ‘ಹಲ್ಲೆಲ್ಲಿ, ಹಲ್ಲೆಲ್ಲಿ’ ಅಂತ ಕೇಳಾಕತ್ತೀರಿ. ಉದರಿ ಹೋದ್ವು. ಏನು ಮಾಡ್ಲಿ?"

ಐಗಳಿಯಲ್ಲಿ ಆದದ್ದು ಇನ್ನೂ ದೊಡ್ಡದು. ಅಲ್ಲಿ ಭಜನಿ ಮಂಡಳಿ ಗಟ್ಟಿ. ತಾಳ ಹಿಡಿದುಕೊಂಡೇ ಬಂದು ಬಲಗಡೆಯ ಜಮಖಾನದ ಮೇಲೆ ಕೂತರು. ಭಜನೆಯಲ್ಲಿ ಮುಂದಿನವ ಒಂದು ಸಾಲು ಹೇಳಿದರೆ ಹಿಂದಿನವರೆಲ್ಲ ಅದನ್ನು ತಿರುಗಿ ಹೇಳಬೇಕು. ಹೇಳದೆ ಸುಮ್ಮನೆ ಕೂತರೆ ಹಾಡಿದವನಿಗೆ ಅವಮಾನ. ನಮ್ಮವರು ಮೊದಲ ಸಾಲು ಲ್ಯಾಟಿನ್ನಿನಲ್ಲಿ ಹಾಡಿ ಉಸಿರು ತೆಗೆದುಕೊಂಡರು. ಬಲಗಡೆಯಿಂದ ಮೂವತ್ತು ಮಂದಿ, ತಾಳ ಬಡಿದು, ಅದೇ ಸಾಲನ್ನು ಲ್ಯಾಟಿನ್ನಿನಲ್ಲಿ ತಿರುಗಿ ಹೇಳಿದರು! ಅಕ್ಷರ ತಪ್ಪಿರಬಹುದು, ಶ್ರುತಿ ತಪ್ಪಲಿಲ್ಲ.

ಸರ್‌ಗೆ ಬಲಗಿವಿ ಇಲ್ಲ. ಎಡಗಿವಿಗೆ ಎಲ್ಲೋ ದೂರದ ಗದ್ದಲ. ಅವರು ನಗುನಗುತ್ತ ಎರಡನೆಯ ಸಾಲಿಗೆ ಕೈ ಎತ್ತಿದರು. ಹುಡುಗರು ಬೆವರುತ್ತ ಒಬ್ಬರನ್ನೊಬ್ಬರು ನೋಡುತ್ತ, ಮೂವತ್ತು ಮಂದಿಯ ತಾಳದ ನಡುವೆ ದಾರಿ ಮಾಡಿಕೊಂಡು ಹಾಡಿದರು. ಕೊನೆಯ ಸಾಲಿಗೆ ಇಡೀ ಐಗಳಿ ನಮ್ಮ ಕೂಡ ಇತ್ತು. ಇಳಿದು ಬಂದ ಮೇಲೆ ಸರ್ ನನ್ನನ್ನು ಕೇಳಿದರು:

"ಜನ ಭಾಳ ಶಾಂತವಾಗಿ ಕೇಳಿದ್ರು, ಅಲ್ಲೇನ್ರಿ ಶೋಭಕ್ಕ?"

"ಹೌದ್ರಿ ಸರ್," ಅಂದೆ. ನಾನು ಅವರ ಬಲಗಿವಿ. ಕಿವಿಗೂ ಒಂದಿಷ್ಟು ಕರುಣೆ ಇರಬೇಕು.

ಕಾಗವಾಡದಲ್ಲಿ ಭಾಷೆಯ ತಕರಾರು. ಹಾಡು ಮುಗಿದ ಮೇಲೆ ಎಡಗಡೆಯಿಂದ ಒಬ್ಬರು ಎದ್ದು, "ನಮ್ಮೂರಾಗ ಬಂದು ಪೂರಾ ಮರಾಠಿ ಹಾಡಿದ್ರಲ್ಲ, ಒಂದರೆ ಕನ್ನಡ ಬ್ಯಾಡೇನ್ರಿ?" ಅಂದರು. ಬಲಗಡೆಯಿಂದ ಇನ್ನೊಬ್ಬರು ಎದ್ದು, "ಮರಾಠಿ ಕುಠೆ ಹೋತಂ? ಸಗಳಂ ಕಾನಡೀಚ!" ಅಂದರು. ಅದು ಮರಾಠಿಯೆಂದು ಇವರು, ಕನ್ನಡವೆಂದು ಅವರು. ದನಿ ಏರಿತು. ಸರ್ ಕೈ ಮುಗಿದು ಎರಡೂ ಭಾಷೆಯಲ್ಲಿ ಹೇಳಿದರು: ಇದು ಲ್ಯಾಟಿನ್, ಈಗ ಭೂಮಿಯ ಮೇಲೆ ಯಾರ ಮನೆಯ ಮಾತೂ ಅಲ್ಲ. ಯಾರದೂ ಅಲ್ಲ ಅಂದ ಕೂಡಲೇ ಎರಡೂ ಕಡೆಯವರಿಗೆ ಸಮಾಧಾನವಾಗಿ ಜೋರು ಚಪ್ಪಾಳೆ ಬಿತ್ತು. ಇನ್ನೊಂದು ಹಾಡು ಹಾಡಿಸಿದರು.

ಹೀಗೆ ಇನ್ನೊಂದು ವರ್ಷ ಸಾಗುತ್ತಿತ್ತೇನೋ. ಫೆಬ್ರವರಿಯಲ್ಲಿ ಪತ್ರ ಬಂತು. ಕರಾರು ಮುಂದುವರಿಸುವ ಮೊದಲು ಕ್ವಾಯರನ್ನು ಕೇಳಿ ವರದಿ ಬರೆಯಲು ವಿಶ್ವವಿದ್ಯಾಲಯದಿಂದ ಒಬ್ಬ ಪ್ರಾಧ್ಯಾಪಕಿ ಬರುತ್ತಾರೆ. ಮುಂದಿನ ಅಥಣಿ ಕಾರ್ಯಕ್ರಮವನ್ನೇ ಅವರು ನೋಡುತ್ತಾರೆ. ಸರ್ ಪತ್ರವನ್ನು ಮೂರು ಸಲ ಓದಿ ಮಡಿಚಿ ಕಿಸೆಯಲ್ಲಿಟ್ಟರು.

"ಅವರು ಮುಂದಿನ ಸಾಲಿನಾಗ ನನ್ನ ಬಲಕ್ಕ ಕೂತು ಏನರೆ ಕೇಳಿದ್ರ ಮುಗೀತು ಶೋಭಕ್ಕ."

"ನಾ ಎಡಕ್ಕ ಕೂಡಸ್ತೀನ್ರಿ. ಫ್ಯಾನ್ ಅಂತೀನಿ."

ಅಥಣಿಯಲ್ಲಿ ನಮ್ಮನ್ನು ಕರೆಸಿದವರು ಅಪ್ಪಾಸಾಹೇಬರು ಅನ್ನುವ ದ್ರಾಕ್ಷಿ ತೋಟದ ಹಿರಿಯರು. ಮುಂಜಾನೆ ಹನ್ನೊಂದಕ್ಕೆ ಕಾರ್ಯಕ್ರಮ. ಮೇಡಂ ಬಂದರು, ಮೈಸೂರು ಕಡೆಯ ಮಾತು, ಗಂಭೀರ ಮುಖ, ಕೈಯಲ್ಲೊಂದು ಪ್ಯಾಡು. ಎಡಗಡೆ ಕೂರಿಸಿದೆ. ಎಲ್ಲ ಸರಿಯಾಯಿತು ಅಂದುಕೊಂಡು ಹುಡುಗರಿಗೆ ಬಿಸಿನೀರು ತರಲು ಹಿಂದಿನ ಅಡುಗೆಮನೆಗೆ ಹೋದೆ. ಅರ್ಧ ತಾಸೂ ಆಗಿರಲಿಲ್ಲ. ಥರ್ಮಾಸ್ ತುಂಬಿಕೊಂಡು ತಿರುಗಿ ಬಂದು ನೋಡಿದರೆ ಸತ್ಕಾರ ಮುಗಿದುಹೋಗಿತ್ತು.

ನಮ್ಮ ಕಡೆ ಬಂದವರಿಗೆ ಸತ್ಕಾರ ಮಾಡದೆ ಕೆಲಸ ಸುರುವಾಗುವುದಿಲ್ಲ. ಸತ್ಕಾರವೆಂದರೆ ಶಾಲು, ತೆಂಗಿನಕಾಯಿ, ತಲೆಗೆ ಸುತ್ತುವ ಫೇಟಾ. ಸಾಮಾನ್ಯವಾಗಿ ಒಬ್ಬರಿಗೋ ಇಬ್ಬರಿಗೋ ಕಟ್ಟುತ್ತಾರೆ. ಅಪ್ಪಾಸಾಹೇಬರು ದೊಡ್ಡ ಮನಸ್ಸಿನವರು. ಗಡಿಯಾಚೆಯಿಂದ ಫೇಟಾ ಕಟ್ಟುವ ಇಬ್ಬರು ಪಳಗಿದವರನ್ನು ಕರೆಸಿ, ಸರ್‌ಗೆ, ಮೇಡಂಗೆ, ಹದಿನಾರು ಹುಡುಗ ಹುಡುಗಿಯರಿಗೆ, ಎಲ್ಲರಿಗೂ ಕೇಸರಿ ಫೇಟಾ ಬಿಗಿಸಿಬಿಟ್ಟಿದ್ದರು. ಗಟ್ಟಿ ಅರಿವೆ, ಒಂಬತ್ತು ಸುತ್ತು, ಎರಡೂ ಕಿವಿ ಒಳಗೆ.

"ಯಜಮಾನ್ರ, ಹಾಡೂ ಮಟ ತಗದು ಇಡಲಿರಿ?" ಅಂತ ಕೇಳಿದೆ.

"ಅಕ್ಕಾರ, ನಾ ಕಟ್ಟಿಸಿದ ಫೇಟಾ ನನ್ನ ಮುಂದ ತಗದ್ರ ನನ್ನ ತಲಿ ತಗದಂಗ," ಅಂದರು. "ಇಬ್ಬರಿಗೆ ಕಟ್ಟಿ ಹದಿನಾರು ಮಂದಿನ್ನ ಬೋಳು ತಲೀಲೆ ನಿಂದ್ರಸ್ಲೇನು? ನಿಮಗೂ ಒಂದೈತಿ, ಬರ್ರಿ."

ಒಲೆಯ ಮೇಲೆ ನೀರು ಇದೆ ಅಂತ ಹೇಳಿ ಓಡಿಹೋಗಿ ಬಾಗಿಲ ಸಂದಿಯಲ್ಲಿ ನಿಂತೆ. ಹೀಗಾಗಿ ಆ ವೇದಿಕೆಗೆ ಸೇರಿದವರಲ್ಲಿ ತೆರೆದ ಕಿವಿ ಇದ್ದವಳು ನಾನೊಬ್ಬಳೇ.

ಹುಡುಗರ ಮುಖ ಬಿಳಿಚಿತ್ತು. ಸುಜಾತಾ ಏನೋ ಕೇಳಿದಳು, ಪಕ್ಕದವಳು "ಆಂ?" ಅಂದಳು. ಆಚೆಯವನು "ಆಂ?" ಅಂದ. ಸಾಲಿಗೆ ಸಾಲೇ "ಆಂ" ಅನ್ನುತ್ತಿತ್ತು. ಕಿವಿ ಮುಚ್ಚಿಕೊಂಡು ನೀನೇ ಹಾಡಿ ನೋಡು ರೇಣುಕಾ: ನಿನ್ನ ದನಿ ನಿನ್ನ ತಲೆಯೊಳಗೆ ಬಾವಿಯಲ್ಲಿ ಕೂಗಿದಂತೆ ಮೊಳಗುತ್ತದೆ, ಬೇರೆಯವರದು ಸುಳಿವಿಲ್ಲ. ನಾಲ್ಕು ದನಿಯ ಹಾಡಿಗೆ ಇದಕ್ಕಿಂತ ಕೆಟ್ಟ ಗತಿ ಇಲ್ಲ.

ಸರ್ ಹುಡುಗರ ಕಡೆ ತಿರುಗಿದರು. ಅವರ ಮುಖ ನನಗೆ ಕಾಣುತ್ತಿತ್ತು. ಎರಡು ಕ್ಷಣ ಗಾಬರಿ ಇತ್ತು, ಆಮೇಲೆ ಹೋಯಿತು. ಎಲ್ಲರೂ ಹೊಸದಾಗಿ ಕಿವುಡಾಗಿದ್ದರು, ಸರ್ ಹಳಬರು.

ಕಿಸೆಯಿಂದ ಶ್ರುತಿ ಕೊಡುವ ಉಕ್ಕಿನ ಕವಲು ತೆಗೆದರು. ಎರಡು ಕಡ್ಡಿಯ ಚಿಮಟಿಗೆಯಂಥದ್ದು. ಬಡಿದರೆ ಒಂದೇ ಸ್ವರ ಹೊರಡುತ್ತದೆ. ಮೊಣಕಾಲಿಗೆ ಬಡಿದು ಅದರ ಹಿಡಿಕೆಯನ್ನು ತಮ್ಮ ಗದ್ದದ ಎಲುಬಿಗೆ ಒತ್ತಿದರು. ಕಿವಿ ಮುಚ್ಚಿದರೂ ಎಲುಬಿನೊಳಗಿಂದ ಸ್ವರ ತಲೆಗೆ ಏರುತ್ತದೆಯಂತೆ. ಹೌದೆಂದು ತಲೆ ಆಡಿಸಿ ಮಾರುತಿಯ ಹತ್ತಿರ ಹೋಗಿ, ಮತ್ತೆ ಬಡಿದು, ಅವನ ಗದ್ದಕ್ಕೆ ಮುಟ್ಟಿಸಿದರು. ಮಾರುತಿಯ ಕಣ್ಣು ಅರಳಿದವು. ಹಾಗೆ ಒಬ್ಬೊಬ್ಬರ ಮುಂದೂ ನಿಂತು, ಬಡಿದು, ಮುಟ್ಟಿಸಿ, ಮುಂದಕ್ಕೆ ಹೋದರು. ಸಭೆ ಸ್ತಬ್ಧವಾಗಿತ್ತು. ಮುಂದಿನ ಸಾಲಿನ ಆಯಿ ಒಬ್ಬರು, "ದೇವರ ಬೂದಿ, ಅಂಗಾರ ಹಚ್ಚಾಕತ್ತಾರ, ಕೈ ಮುಗೀರಿ," ಅಂದರು. ಇಡೀ ಸಭೆ ಕೈ ಮುಗಿಯಿತು.

ಸರ್ ಕೈ ಎತ್ತಿದರು. ಹದಿನಾರು ಎದೆಗಳು ಒಟ್ಟಿಗೆ ಏರಿದವು. ಹಾಡಿದರು.

ನಾನು ಸಂಗೀತ ಕಲಿತವಳಲ್ಲ, ಆದರೆ ಒಂದೇ ಹಾಡನ್ನು ನೂರು ಸಲ ಕೇಳಿದವಳು. ಯಾರೂ ಯಾರನ್ನೂ ಕೇಳದೆ, ಬರೀ ನೋಡುತ್ತ ಹಾಡಿದ ಆ ಹಾಡಿನಲ್ಲಿ ಒಂದು ಎಳೆಯೂ ಬಿಚ್ಚಿಕೊಳ್ಳಲಿಲ್ಲ. ಆಲ್ಟೊದವರು ಬೇಸ್‌ನವರ ಎದೆ ನೋಡುತ್ತಿದ್ದರು, ಬೇಸ್‌ನವರು ಮೇಲ್ದನಿಯ ಹುಡುಗಿಯರ ತುಟಿ ನೋಡುತ್ತಿದ್ದರು, ಎಲ್ಲರನ್ನೂ ಸರ್ ನೋಡುತ್ತಿದ್ದರು. ಆದರೆ ಸುಳ್ಳು ಯಾಕೆ ಹೇಳಲಿ, ನಡುವಿನಿಂದಾಚೆಗೆ ಶ್ರುತಿ ಇಳಿಯತೊಡಗಿತು. ಮುಗಿಯುವಷ್ಟರಲ್ಲಿ ಅರ್ಧ ಸ್ವರ ಕೆಳಗಿತ್ತು. ಚಪ್ಪಾಳೆ ಬಿತ್ತು; ಹುಡುಗರಿಗೆ ಅದೂ ನೆಟ್ಟಗೆ ಕೇಳಿಸದೆ ಸರ್‌ರ ಮುಖವನ್ನೇ ನೋಡುತ್ತ ನಿಂತಿದ್ದರು.

ಕಾರ್ಯಕ್ರಮ ಮುಗಿದು ಜನ ಚೆದುರುವಾಗ ಮೇಡಂ ನೆಟ್ಟಗೆ ನಾನಿದ್ದ ಬಾಗಿಲ ಹತ್ತಿರ ಬಂದರು. ಫೇಟಾವನ್ನು ಒಂದು ಬೆರಳಿನಿಂದ ಕಿವಿಯ ಮೇಲಕ್ಕೆ ತಳ್ಳಿದರು.

"ನಿಮ್ಮ ತಲೆಯಲ್ಲಿ ಇದು ಇರಲಿಲ್ಲ. ನೀವು ಕೇಳಿಸಿಕೊಂಡಿರಿ. ಶ್ರುತಿ ನಿಂತಿತಾ?"

ನಿಂತಿತು ಅಂದರೆ ಸರ್‌ರ ಕರಾರು ಉಳಿಯುತ್ತಿತ್ತು. ಬಾಯಿಗೆ ಬಂದದ್ದು ಬೇರೆ. "ಇಲ್ರಿ ಮೇಡಂ. ಅರ್ಧ ಸ್ವರ ಇಳೀತು."

"ಯಾರು ಮೊದಲು ಇಳಿಸಿದ್ದು?"

"ಅದ ಗೊತ್ತಾಗಲಿಲ್ರಿ. ಹದಿನಾರೂ ಮಂದಿ ಕೂಡೇ ಇಳಿದ್ರು. ಮ್ಯಾಲ ಒಬ್ಬರೂ ಉಳೀಲಿಲ್ಲ."

ಅವರು ನನ್ನನ್ನು ದಿಟ್ಟಿಸಿ ನೋಡಿದರು. ಅಷ್ಟರಲ್ಲಿ ಸರ್ ಬಂದರು, ಹಿಂದೆ ಹದಿನಾರು ಕೇಸರಿ ಫೇಟಾಗಳು. ಯಾರೂ ಕೇಳದೆಯೇ ಸರ್, ಫೇಟಾದೊಳಗೂ ಕೇಳುವಷ್ಟು ಜೋರಾಗಿ, ಹೇಳಿಬಿಟ್ಟರು.

"ಮೇಡಂ, ನನ್ನ ಬಲಗಿವಿ ಮೂರು ವರ್ಷದಿಂದ ಕೇಳಸೂದಿಲ್ಲ. ಇವತ್ತ ಇವರು ನನ್ನಂಗ ಹಾಡಿದ್ರು. ಇನ್ನ ಮುಚ್ಚಿಡೂದು ಸರಿ ಅಲ್ಲ. ಇದು ಶೋಭಕ್ಕಗ ಬಿಟ್ರ ಯಾರಿಗೂ ಗೊತ್ತಿಲ್ಲ."

"ನನಗ ಗೊತ್ತೈತ್ರಿ ಸರ್," ಅಂದ ಮಾರುತಿ.

"ನಿನಗ ಯಾರು ಹೇಳಿದ್ರಲೇ?" ಅಂದಳು ಸುಜಾತಾ. "ನನಗ ಗೊತ್ತಿತ್ತು!"

"ಏ, ನನಗ!" "ನನಗೂ!" "ನಿನಗೂ ಏನಬೇ?"

ಫೇಟಾ ಒಳಗಿನ ಕಿವಿಗಳಿಗೆ ಕೇಳಲೆಂದು ಎಲ್ಲರೂ ಕೂಗಿ ಕೂಗಿ ಹೇಳುತ್ತಿದ್ದರು. ಅಥಣಿ ಪೂರ್ತಿ ಗುಟ್ಟು ಕೇಳಿತು. ಆಮೇಲೆ ಹದಿನಾರು ಮುಖಗಳೂ ಒಟ್ಟಿಗೆ ನನ್ನ ಕಡೆ ತಿರುಗಿದವು.

"ಅಕ್ಕಾರ! ನಿನಗೊಬ್ಬಗೇ ಗೊತ್ತೈತಿ ಅಂದಿದ್ರಿ!"

ನಾನು ಥರ್ಮಾಸಿನ ಮುಚ್ಚಳ ತಿರುಗಿಸುತ್ತ ನಿಂತೆ.

ಮೇಡಂ ಪ್ಯಾಡಿನ ಮೇಲೆ ಏನೂ ಬರೆದಿರಲಿಲ್ಲ. "ಕೇಳಿದ್ದನ್ನು ಬರೆಯಬೇಕು ಅಂತ ಬಂದೆ. ಈ ಫೇಟಾದೊಳಗೆ ನನಗೆ ಕೇಳಿಸಿದ್ದು ನನ್ನ ಉಸಿರು ಮಾತ್ರ," ಅಂದರು. "ನೋಡಿದ್ದನ್ನು ಬರೀತೀನಿ. ಇಷ್ಟು ಚೆನ್ನಾಗಿ ಒಟ್ಟಿಗೆ ಉಸಿರಾಡೋ ಕ್ವಾಯರನ್ನ ನಾನು ನೋಡಿಲ್ಲ. ಆದರೆ ಕಿವಿಗೆ ಮಷಿನ್ ಹಾಕಿಸಿಕೊಳ್ಳಬೇಕು ನೀವು. ಹಾಕಿಸಿ, ಜೂನಿನಲ್ಲಿ ಬನ್ನಿ."

ಸರ್ ಕೈ ಮುಗಿದು ನಿಂತೇ ಇದ್ದರು. ಮುಖದಲ್ಲಿ ಯಾವ ಬದಲಾವಣೆಯೂ ಇಲ್ಲ.

"ಏನಂದ್ರಿ?" ಅಂದರು ನನ್ನ ಕಡೆ ತಿರುಗಿ.

ಅಪ್ಪಾಸಾಹೇಬರು ನೋಡುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡು ನಾನು ಅವರ ಎಡಕ್ಕೆ ಹೋದೆ. ಫೇಟಾದ ಅಂಚು ಎರಡು ಬೆರಳಿನಷ್ಟು ಎತ್ತಿ ಹೇಳಿದೆ. "ಜೂನ್‌ದಾಗ ಬರ್ರಿ ಅಂದ್ರು ಸರ್."

"ಇನ್ನೊಮ್ಮೆ ಹೇಳ್ರಿ."

"ಜೂನ್‌ದಾಗ ಬರ್ರಿ ಅಂದ್ರು."

ಕೇಳಿಸಿರಲಿಲ್ಲವೋ, ಇನ್ನೊಮ್ಮೆ ಕೇಳಬೇಕೆನ್ನಿಸಿತೋ, ಅದು ನನಗೆ ಇವತ್ತಿಗೂ ತಿಳಿದಿಲ್ಲ. ಮೂರನೆಯ ಸಲವೂ ಹೇಳಿಸಿದರು. ಹೇಳಿದೆ.

ಊಟ ತೋಟದಲ್ಲಿ ಇತ್ತು. ಬಿಸಿ ಭಕ್ರಿ, ಬದನೆಕಾಯಿ ಎಣ್ಣೆಗಾಯಿ, ಝುಣಕ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಕೊನೆಗೆ ಶೇಂಗಾ ಹೋಳಿಗೆ ಮೇಲೆ ತುಪ್ಪ. ಮಾರುತಿ ಏಳು ಹೋಳಿಗೆ ತಿಂದ. ಮೇಡಂ ಎರಡು ತಿಂದು ಮೂರನೆಯದನ್ನು ಬೇಡ ಬೇಡ ಅನ್ನುತ್ತಲೇ ತಿಂದರು. ಆಮೇಲೆ ಬೇವಿನ ಗಿಡದ ನೆರಳಿಗೆ ಜಮಖಾನ ಹಾಸಿದರು. ಯಾರು ಗುಟ್ಟನ್ನು ಮೊದಲು ಕಂಡುಹಿಡಿದದ್ದು ಅಂತ ಹದಿನಾರು ಮಂದಿಯ ಜಗಳ ಇನ್ನೂ ನಡೆದಿತ್ತು. ಸುಜಾತಾ ದಿನ ವಾರ ಹಿಡಿದು ಸಾಕ್ಷಿ ಹೇಳುತ್ತಿದ್ದಳು, ಮಾರುತಿ ಬೇಸ್ ದನಿಯಲ್ಲಿ ತಳ್ಳಿಹಾಕುತ್ತಿದ್ದ. ಮೊದಲು ನಿದ್ದೆ ಹೋದವರು ವಿಲಾಸ ಸರ್, ಆ ಗದ್ದಲದ ನಟ್ಟನಡುವೆ, ಕೇಳುವ ಕಿವಿಯನ್ನು ತಲೆದಿಂಬಿಗೆ ಒತ್ತಿಕೊಂಡು.